ರಿಬ್ಬನ್ ಕಟ್ಟಿದ ಮರ

ಭಾಷಣಕ್ಕೆ ಕರೆಯುವವರು ನನ್ನನ್ನು ಮೊದಲು ಕೇಳುವುದು ಎಷ್ಟು ಹೊತ್ತು ಮಾತಾಡುತ್ತೀರಿ ಎಂದು. ಏನು ಮಾತಾಡುತ್ತೀರಿ ಎಂದು ಈವರೆಗೆ ಯಾರೂ ಕೇಳಿಲ್ಲ. ಶಾಲೆಯಿಂದ ನಿವೃತ್ತಳಾದ ಮೇಲೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮಹಿಳಾ ಮಂಡಲ, ಯುವಕ ಮಂಡಲ, ಭಜನಾ ಮಂದಿರ ಎಂದು ಸುತ್ತಿದ್ದೇನೆ. ಅಂಗಳದ ಗಿಡಗಳ ಮದ್ದು, ಬಾಳಂತಿಯ ಆರೈಕೆ, ಚಾಪೆ ಹೆಣೆಯುವುದು, ಬುಟ್ಟಿ ಹೆಣೆಯುವುದು, ಇವೇ ನನ್ನ ವಿಷಯಗಳು. ಬಸ್ರೂರಿನಲ್ಲಿ ಒಮ್ಮೆ ಬೀಳಿನ, ಅಂದರೆ ಕಾಡುಬಳ್ಳಿಯ, ಬುಟ್ಟಿಯ ಬಗ್ಗೆ ಗಂಟಲು ಹರಿಯುವಷ್ಟು ಮಾತಾಡಿ ಕೂತರೆ, ಸನ್ಮಾನಕ್ಕೆ ಹಣ್ಣು ತುಂಬಿಸಿ ಕೊಟ್ಟದ್ದು ಪ್ಲಾಸ್ಟಿಕ್ ಬುಟ್ಟಿ. ನಾನು ಹಣ್ಣು ತೆಗೆದುಕೊಂಡು ಬುಟ್ಟಿಯನ್ನು ವೇದಿಕೆಯ ಮೇಲೆಯೇ ಬಿಟ್ಟು ಬಂದೆ. ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವ ಪ್ರಾಯ ದಾಟಿದೆ.

ಆದರೆ ಅವೆಲ್ಲ ಸಣ್ಣ ಸಿಟ್ಟು. ಈಗಲೂ ಆರದ ಸಿಟ್ಟು ಒಂದೇ ಒಂದು, ಅದು ಆಸಾಡಿಯ, ಅಂದರೆ ಆಷಾಢದ, ಅಮಾವಾಸ್ಯೆಯದು.

ನಮ್ಮ ಕಡೆ ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುತ್ತಾರೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಲ್ಲಿ ಜಜ್ಜಿಯೇ ತೆಗೆಯಬೇಕು. ದೀಪ ಒಯ್ಯುವಂತಿಲ್ಲ. ತಂದದ್ದನ್ನು ಅರೆದು, ರಸ ಹಿಂಡಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಯಲ್ಲಿ ಕುಡಿಯುವುದು. ವಿಷದಂಥ ಕಹಿ. ಮೇಲಿಂದ ಮೆಂತೆ ಗಂಜಿ. ವರ್ಷವಿಡೀ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ. ಬರುತ್ತದೋ ಇಲ್ಲವೋ ನಾನು ವಾದಿಸುವುದಿಲ್ಲ. ಇದನ್ನು ಕುಡಿದು ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ ಎಂದು ಮಾತ್ರ ಎಲ್ಲ ಕಡೆ ಹೇಳುತ್ತೇನೆ.

ಈ ಕತ್ತಲು, ಕಲ್ಲು, ಕಹಿ ಎಲ್ಲ ಜನರಿಗೆ ಬಹಳ ಇಷ್ಟ. ಹಿರಿಯರು ಜೊತೆಗೆ ಇಟ್ಟಿದ್ದ ಇನ್ನೊಂದು ಕ್ರಮ ಮಾತ್ರ ಯಾರಿಗೂ ಬೇಡ. ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ನೋಡಿ, ಅದಕ್ಕೆ ಬಾಳೆನಾರು ಕಟ್ಟಿ ಬರಬೇಕು. ಹಾಲೆಯ ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹರಡಿ ನಿಲ್ಲುತ್ತವೆ, ಹಗಲಿನಲ್ಲಿ ಸಣ್ಣ ಮಗುವೂ ಗುರುತು ಹಿಡಿಯುತ್ತದೆ. ಕತ್ತಲಲ್ಲಿ ಕೈಗೆ ಸಿಗುವುದು ಕಾಂಡ ಮಾತ್ರ. ನಮ್ಮ ಹಾಡಿಗಳಲ್ಲಿ, ಊರ ಬದಿಯ ಕಾಡುಗಳಲ್ಲಿ, ಹಾಲೆಯ ಪಕ್ಕದಲ್ಲೇ ಕಾಸರಕನ ಮರ ಬೆಳೆಯುತ್ತದೆ. ಕಾಸರಕ ವಿಷ. ಬೀಜವೂ ವಿಷ, ತೊಗಟೆಯೂ ವಿಷ.

ಬೈಂದೂರು ಕಡೆಯ ಒಂದು ಸಂಘದವರು ಆಸಾಡಿ ಕಾರ್ಯಕ್ರಮಕ್ಕೆ ಕರೆದಾಗ ನಾನು ಹಾಕಿದ್ದು ಇದೊಂದೇ ಷರತ್ತು. ಹಿಂದಿನ ದಿನ ಮಧ್ಯಾಹ್ನ ನಾನೇ ಹೋದೆ. ಮೈದಾನದ ಹಿಂದೆ, ಶೌಚಾಲಯದ ಗೋಡೆಗೆ ತಾಗಿ, ಹಾಲೆ ಮರ ಇತ್ತು. ಎಲೆ ತೋರಿಸಿದೆ, ಕೆತ್ತಿದರೆ ಹಾಲು ಒಸರುವುದನ್ನು ತೋರಿಸಿದೆ. ಬಾಳೆನಾರು ಕಣ್ಣಿಗೆ ಕಾಣುವುದಿಲ್ಲವೆಂದು ಕಾರ್ಯದರ್ಶಿ ಕೆಂಪು ರಿಬ್ಬನ್ ತಂದಿದ್ದ. ಆಗಲಿ ಎಂದು ಅದನ್ನೇ ಕಟ್ಟಿಸಿ, ಬಿಜೂರಿನಲ್ಲಿರುವ ಅಕ್ಕನ ಮನೆಯಲ್ಲಿ ಗಂಜಿ ಉಂಡು ಮನೆಗೆ ಬಂದೆ.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಅಮ್ಮ ಗದ್ದೆಗೆ ಹೋದಾಗ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಆಸಾಡಿಯ ಮದ್ದನ್ನು ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಈ ಸಲ ಅವಳ ಊರಿನ ಪಕ್ಕದಲ್ಲೇ ತಂಗಿಯ ಭಾಷಣ. ಮದ್ದನ್ನು ಅಲ್ಲೇ ಕುಡಿಯುತ್ತೇನೆ ಎಂದು ಹಟ ಹಿಡಿದಿದ್ದಳು.

ಮರುದಿನ ಬೆಳಿಗ್ಗೆ ಸಂಘದವರು ಕಳಿಸಿದ ಕಾರಿನಿಂದ ಇಳಿದೆ. ಗೇಟಿನ ಬಲಕ್ಕೆ, ರಸ್ತೆಯ ಅಂಚಿನಲ್ಲಿ, ಕೆಂಪು ರಿಬ್ಬನ್ ಕಂಡಿತು. ಒಂದು ಕ್ಷಣ ಅರ್ಥವಾಗಲಿಲ್ಲ. ನಾನು ಕಟ್ಟಿಸಿದ್ದು ಮೈದಾನದ ಹಿಂದೆ. ರಿಬ್ಬನ್ನಿನ ಕೆಳಗೆ ತೊಗಟೆ ಎದ್ದು ಹಸಿ ಗಾಯ ಆಗಿತ್ತು. ಹಾಲು ಒಸರಿರಲಿಲ್ಲ. ತಲೆ ಎತ್ತಿ ಎಲೆ ನೋಡಿದೆ. ಕಾಸರಕ.

ಈ ಪ್ರಾಯದಲ್ಲಿ ನಾನು ಹಾಗೆ ಓಡಿದ್ದು ಅದೇ ಮೊದಲು. ಪೆಂಡಾಲಿನಲ್ಲಿ ಸ್ಟೀಲ್ ಡ್ರಮ್ ಇಟ್ಟು, ಹೂ ಹಾಕಿ, ಲೋಟ ಜೋಡಿಸಿದ್ದರು. ಜನ ಸಾಲಿನಲ್ಲಿ ನಿಂತಿದ್ದರು, ಆದರೆ ಕುಡಿದಿರಲಿಲ್ಲ. ಉದ್ಘಾಟನೆಗೆ ಬರಬೇಕಾದ ಅತಿಥಿ ಎಂದಿನಂತೆ ತಡ ಮಾಡಿದ್ದರು. ಆ ಮಹಾನುಭಾವರು ಜೀವನದಲ್ಲಿ ಮಾಡಿದ ಒಂದೇ ಸಮಾಜಸೇವೆ ಅದಿರಬೇಕು. ಒಬ್ಬಳಿಗೆ ಮಾತ್ರ ಮೊದಲೇ ಕೊಟ್ಟಿದ್ದರು: ಭಾಷಣಕಾರರ ಅಕ್ಕ, ಪ್ರಾಯದವರು, ಖಾಲಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಎಂಬ ಮರ್ಯಾದೆಯಿಂದ. ಅವಳು ಮುಂದಿನ ಸಾಲಿನಲ್ಲಿ ಕೂತು ನನ್ನನ್ನು ನೋಡಿ ನಕ್ಕಳು. ಕೈಯಲ್ಲಿದ್ದ ಲೋಟ ಅರ್ಧ ಖಾಲಿಯಾಗಿತ್ತು.

ಲೋಟ ಕಿತ್ತು ಎಸೆದೆ. ಡ್ರಮ್ಮನ್ನು ಎರಡೂ ಕೈಯಲ್ಲಿ ದೂಡಿ ಮಗುಚಿದೆ. ಅಧ್ಯಕ್ಷರು ಓಡಿಬಂದು ನಾನು ಶುಭ ದಿನದಲ್ಲಿ ಅಪಶಕುನ ಮಾಡಿದೆ ಎಂದರು. ಮೊದಲು ವಾಹನ ತರಿಸಿ ಎಂದು ಕೂಗಿದೆ. ಇದು ಕಾಸರಕ ಎಂದು ಮೂರು ಸಲ ಹೇಳಿದರೂ ಅವರು ನೆಲದಲ್ಲಿ ಹರಿಯುತ್ತಿದ್ದ ಕಷಾಯವನ್ನೇ ನೋಡುತ್ತಿದ್ದರು. ಆಗ ಕಾರ್ಯದರ್ಶಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

"ಆ ಮರದ್ ಬದಿ ಶೌಚಾಲಯ ಇತ್ತಲೆ ಟೀಚ್ರೆ, ವಿಡಿಯೋ ಮಾಡುಕೆ ಲಾಯ್ಕ್ ಇಲ್ಲೆ. ಅದ್ಕೆ ನಿನ್ನೆ ಸಂಜಿಗೆ ರಿಬ್ಬನ್ ಈ ಮರಕ್ಕೆ ಕಟ್ಟಿ ವಿಡಿಯೋ ತೆಗ್ದದ್ದ್. ವಾಪಾಸ್ ಕಟ್ಟುಕೆ ಮರ್ತ್ ಹೋಯ್ತ್."

ಕೆತ್ತೆ ತರಲು ಹೋದವರು ಬೇರೆ ನಾಲ್ಕು ಮಂದಿ. ನಾನು ಹೇಳಿದ ಕ್ರಮವನ್ನೆಲ್ಲ ಅವರು ಚಾಚೂ ತಪ್ಪದೆ ಪಾಲಿಸಿದ್ದರು. ದೀಪ ಒಯ್ಯಲಿಲ್ಲ, ಕತ್ತಿ ತಾಗಿಸಲಿಲ್ಲ, ರಿಬ್ಬನ್ ಕಟ್ಟಿದ ಮರವನ್ನೇ ಕಲ್ಲಿನಲ್ಲಿ ಜಜ್ಜಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕುಂದಾಪುರಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ದವಡೆ ಬಿಗಿಯಿತು. ಕಾಲುಗಳು ಕೋಲಿನ ಹಾಗೆ ಸೆಟೆದವು. ಹಿಂದಿನಿಂದ ಬಸ್ಸು ಹಾರ್ನ್ ಹಾಕಿದಾಗಲೆಲ್ಲ ಅವಳ ಮೈ ಪೂರ್ತಿ ಜಗ್ಗುತ್ತಿತ್ತು. ಪ್ರಜ್ಞೆ ಮಾತ್ರ ತಪ್ಪಿರಲಿಲ್ಲ, ಕಣ್ಣು ನನ್ನನ್ನೇ ನೋಡುತ್ತಿತ್ತು. ಮುಟ್ಟಿದರೆ ಇನ್ನೂ ಜಾಸ್ತಿಯಾಗುತ್ತಿತ್ತು, ಹಾಗಾಗಿ ಕೈ ಹಿಡಿದುಕೊಳ್ಳಲೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಸದ್ದಿಲ್ಲದ, ಬೆಳಕಿಲ್ಲದ ಕೋಣೆಯಲ್ಲಿ ಮಲಗಿಸಿ ಮದ್ದು ಕೊಟ್ಟರು. ಅರ್ಧ ಲೋಟ ಉಳಿದದ್ದಕ್ಕೆ ಬದುಕಿದರು ಎಂದರು ಡಾಕ್ಟರು.

ನಾವು ಹೊರಟ ಮೇಲೆ ಅಲ್ಲಿ ನೆಲ ತೊಳೆದು ಕಾರ್ಯಕ್ರಮ ಮುಂದುವರಿಸಿದ್ದರಂತೆ. ಅತಿಥಿ ಬಂದರು, ದೀಪ ಹಚ್ಚಿದರು, ನಮ್ಮ ಹಿರಿಯರ ವಿಜ್ಞಾನದ ಬಗ್ಗೆ ಮಾತಾಡಿದರು. ವಾರದೊಳಗೆ ವಿಡಿಯೋ ಕೂಡ ಎಲ್ಲರ ಮೊಬೈಲಿಗೆ ಬಂತು. ಚೆಂಡೆಯ ಹಿನ್ನೆಲೆ, ಕೆಂಪು ರಿಬ್ಬನ್, ಕಾಸರಕನ ಮರ. ಕೆಳಗೆ ಸಾಲುಸಾಲು ಕೈಮುಗಿಯುವ ಚಿತ್ರಗಳು. ಫೋನ್ ಮಾಡಿ ತೆಗೆಯಿರಿ ಎಂದರೆ, ತೆಗೆಯುತ್ತೇವೆ, ನೀವೂ ಎಲ್ಲೂ ಹೇಳಬೇಡಿ, ಸಂಘದ ಹೆಸರು ಹಾಳಾಗುತ್ತದೆ ಎಂದು ಕಾರ್ಯದರ್ಶಿ ಬೇಡಿಕೊಂಡ. ಅಕ್ಕನಿಗೆ ಹೇಗಿದೆ ಎಂದು ಕೇಳಲಿಲ್ಲ. ಊರವರಿಗೂ ನೆನಪಿರುವುದು ವಿಷವಲ್ಲ, ನನ್ನ ಸಿಟ್ಟು. ಟೀಚರು ಹೇಳಿದ್ದು ಸರಿಯೇ, ಆದರೆ ಡ್ರಮ್ ಮಗುಚಬಾರದಿತ್ತು ಅನ್ನುತ್ತಾರೆ. ಮಗುಚದೆ ಮತ್ತೇನು, ಅದಕ್ಕೂ ಅತಿಥಿಗಳ ಕೈಯಲ್ಲಿ ಉದ್ಘಾಟನೆ ಮಾಡಿಸಬೇಕಿತ್ತೇ?

ನಾನು ಸುಮ್ಮನಿರಲಿಲ್ಲ. ಈಗ ಯಾವ ವಿಷಯಕ್ಕೆ ಕರೆದರೂ ಮೊದಲು ಈ ಕತೆ ಹೇಳುತ್ತೇನೆ. ಕರೆಯುವವರು ಕಡಿಮೆಯಾಗಿದ್ದಾರೆ. ಬ್ರಹ್ಮಾವರದ ಒಬ್ಬರಂತೂ, ಆ ಮರದ ವಿಷಯ ಬಿಟ್ಟು ಒಳ್ಳೆಯದು ಏನಾದರೂ ಮಾತಾಡುವುದಾದರೆ ಬನ್ನಿ ಎಂದರು. ಹೋಗಲಿಲ್ಲ.

ಮರುವರ್ಷದ ಆಸಾಡಿಗೆ ನಾನೇ ಹಗಲಿನಲ್ಲಿ ಹೋಗಿ ಎಲೆ ನೋಡಿ, ಬಾಳೆನಾರು ಕಟ್ಟಿ ಬಂದೆ. ಬೆಳಿಗ್ಗೆ ಕೆತ್ತೆ ತಂದು, ಅರೆದು, ಬಿಳಿಕಲ್ಲು ಅದ್ದಿ, ಅಕ್ಕನ ಮನೆಗೆ ಒಯ್ದೆ. ಮೊದಲು ನಾನು ಕುಡಿದೆ. ಅವಳು ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಲೋಟ ಕೈಗೆ ಕೊಟ್ಟೆ. ತೆಗೆದುಕೊಂಡಳು, ಮೂಗಿನವರೆಗೆ ತಂದಳು, ನಿಧಾನ ಕೆಳಗಿಟ್ಟಳು.

"ನೀ ತಂದದ್ದ್ ಸಮವೇ ಹೆಣ್ಣೇ, ಗೊತ್ತಿತ್ತ್," ಎಂದಳು. "ಆರೆ ನಂಗೆ ಹೆದ್ರಿಕಿ ಆತ್ತ್."

ನನ್ನ ಕೈಯಿಂದಲೂ ಅವಳಿಗೆ ಹೆದರಿಕೆ. ಅವಳು ಮೆಂತೆ ಗಂಜಿ ಮಾತ್ರ ಉಂಡಳು. ನಾನು ಲೋಟವನ್ನು ಅಂಗಳಕ್ಕೆ ಒಯ್ದು ತೆಂಗಿನ ಬುಡಕ್ಕೆ ಚೆಲ್ಲಿದೆ. ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ನಡೆದು ಬಂದದ್ದು ಅಲ್ಲಿಗೆ ನಿಂತಿತು. ಅದನ್ನು ನಿಲ್ಲಿಸಿದವರು ಸಂಪ್ರದಾಯ ಬೇಡ ಎಂದವರಲ್ಲ, ಉಳಿಸುತ್ತೇವೆ ಎಂದು ರಿಬ್ಬನ್ ಕಟ್ಟಿದವರು.