ಮಂದಿ ಆಟಕ್ಕೆ ಬಣ್ಣ ಬಳಿಯುವ ತ್ರಿವೇಣಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಹಾಗಾಂವದ ಜೋಳದ ಹೊಲದಲ್ಲಿ ಕೂಲಿಗೆ ಹಕ್ಕಿ ಕಾಯುವ ಬಂಡೆಮ್ಮ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುತ್ತಿದ್ದರೆ, ಪಕ್ಕದಲ್ಲಿ ಮಗಳು ತ್ರಿವೇಣಿ ಕಾಗದದ ಮೇಲೆ ಗುಬ್ಬಿ ಗೀಚುತ್ತಿದ್ದಾಳೆ. ಹಿಂಡು ಭರ್ರನೆ ಎದ್ದಾಗ ಮೊದಲು ಯಾವುದು ಹೊರಳುತ್ತದೆ, ರೆಕ್ಕೆ ಹೇಗೆ ಮಡಚುತ್ತದೆ? ಗೀಚುತ್ತಾಳೆ, ಹರಿದು ಹಾಕುತ್ತಾಳೆ, ಮತ್ತೆ ಗೀಚುತ್ತಾಳೆ. "ಹಕ್ಕಿ ಓಡ್ಸು ಅಂದ್ರ ಹಕ್ಕಿ ಚಿತ್ರ ಬರ್ಕೊಂತ ಕುಂತಾಳ ನೋಡ್ರಿ," ಎಂದು ಬಂಡೆಮ್ಮ ಗೊಣಗುತ್ತಾರೆ.

ಊರೊಳಗಿನ ಮನೆಗೆ ಓಡಿ ಬಂದು, ಗಬಗಬ ರೊಟ್ಟಿ ತಿಂದು ಬಸ್ಸು ಹಿಡಿದರೆ ಕಲಬುರಗಿ. ಅಂಗಡಿಗಳ ಬೋರ್ಡು ಬರೆದು ಕೈ ಪಳಗಿಸಿಕೊಂಡವಳು, ಕಂಪ್ಯೂಟರು ಆಮೇಲೆ ಕಲಿತಳು. ಈಗ ಸೇಡಂ ರಸ್ತೆಯ ಔಷಧಿ ಅಂಗಡಿ ಮೇಲಿನ ಪುಟ್ಟ ಆಫೀಸಿನಲ್ಲಿ ಮೊಬೈಲ್ ಗೇಮುಗಳಿಗೆ ಚಿತ್ರ ಬರೆಯುತ್ತಾಳೆ. ಬರೆಯುವುದೇನು ಬಂತು, ಮಣ್ಣು! ಎಲ್ಲೋ ಒಂದು ಗೇಮು ಗೆದ್ದರೆ ಸಾಕು, ಅದನ್ನೇ ಎತ್ತಿಕೊಂಡು ಬರಬೇಕು. ಮಿಠಾಯಿ ಇದ್ದಲ್ಲಿ ಹಣ್ಣು, ಓಡುವ ಹುಡುಗನಿದ್ದಲ್ಲಿ ಓಡುವ ಮಂಗ ಇಟ್ಟು ಹೊಸ ಹೆಸರು ಕಟ್ಟಬೇಕು. ಬಸ್ಸಿನಲ್ಲಿ ಪಕ್ಕದವರು ಅದನ್ನೇ ಆಡುತ್ತ ಕೂತಿರುತ್ತಾರೆ. ಮಾಡಿದವಳು ನಾನೇ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ. "ಏನಂತ ಹೇಳ್ಲಿ ರೀ? ಮಂದಿ ಅಂಗಿಗಿ ಗುಂಡಿ ಹಚ್ಚೀನಿ ಅಂತ ಹೇಳ್ಕೊಬೇಕಾ?"

ಆ ಸಂಕಟಕ್ಕೇ ಅವಳು ತನ್ನದೇ ಒಂದು ಗೇಮು ಮಾಡಲು ಕೂತದ್ದು. ಅಟ್ಟಣಿಗೆ, ಕವಣೆ, ಜೋಳ, ಹಕ್ಕಿ. ಅದರಲ್ಲಿ ಒಂದು ಹಕ್ಕಿಗೂ ಕಲ್ಲು ತಾಗುವುದಿಲ್ಲ, ಸಪ್ಪಳಕ್ಕೇ ಏಳುತ್ತವೆ. ಮಾಲೀಕ ಸುನೀಲಕುಮಾರ ನೋಡಿದ. ಕೆಟ್ಟ ಮನುಷ್ಯನಲ್ಲ, ಎಂದೂ ಪಗಾರ ತಪ್ಪಿಸಿದವನಲ್ಲ. ಆದರೂ ತಲೆಯಲ್ಲಾಡಿಸಿದ. "ಛಲೋ ಅದ ತಂಗಿ. ಆದ್ರ ಕಲ್ಲು ತಾಗ್ಬೇಕು, ಪುಕ್ಕ ಹಾರ್ಬೇಕು. ಅಂಥಾವೇ ನಡೀತಾವ. ಸೋಮವಾರ ಬದಲಿಸಿ ತಾ, ನಾವೇ ಬಜಾರಿಗಿ ಬಿಡೋಣ." ಬದಲಿಸಿದರೆ ಗೇಮು ಲೋಕಕ್ಕೆ ಬರುತ್ತದೆ, ಆದರೆ ಅವಳದಾಗಿ ಉಳಿಯುವುದಿಲ್ಲ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡಿಬಿಟ್ಟಳು ಹುಡುಗಿ.

ಆ ಭಾನುವಾರ ಗೇಮು ಹಾಕಿ ತಾಯಿಯ ಕೈಗೆ ಫೋನು ಕೊಟ್ಟಳು. ಬಂಡೆಮ್ಮ ಹಕ್ಕಿ ಎಬ್ಬಿಸಿದ್ದೇ ಎಬ್ಬಿಸಿದ್ದು! ಆದರೆ ಹಕ್ಕಿಗಳು ಬದುವಿನ ಪಕ್ಕದ ಸಾಲಿಗೆ ಇಳಿದಾಗ ಸುಮ್ಮನೆ ಕೂತುಬಿಟ್ಟರು. ಅವು ತಿಂದವು, 'ನೀವು ಸೋತಿರಿ' ಎಂದು ಫೋನು ಕೂಗಿತು. ಬಂಡೆಮ್ಮನಿಗೆ ಸಿಟ್ಟೇ ಬಂತು. "ನಾ ಯಾಕ ಸೋತೆ? ಬದುವಿನ ಸಾಲು ಹಕ್ಕೀದು. ಹೊಲ ಕಾಯೋರಿಗೆಲ್ಲ ಗೊತ್ತದ, ನಿನಗ್ಯಾಕ ಗೊತ್ತಿಲ್ಲ?"

ತ್ರಿವೇಣಿಯ ಮುಖ ಸಣ್ಣದಾಯಿತು. ಹುಟ್ಟಿದಾಗಿನಿಂದ ಆ ಸಾಲು ನೋಡಿದ್ದಾಳೆ, ಗೇಮಿನಲ್ಲಿ ಮರೆತೇಬಿಟ್ಟಿದ್ದಾಳೆ. ಹಕ್ಕಿ ತಿಂದರೆ ಸೋಲು ಎಂಬುದು ಕೂಡ ಯಾರದೋ ಗೇಮಿನಿಂದ ಎತ್ತಿ ತಂದದ್ದೇ. "ನಂದು ನಂದು ಅಂತ ಕುಣದಿದ್ನಲ್ಲ, ಭಾಳ ನಾಚಿಕಿ ಬಂತು ರೀ."

ಸೋಮವಾರ ಪುಕ್ಕ ಹಾರಲಿಲ್ಲ. ಬದುವಿನ ಸಾಲು ಹಕ್ಕಿಗೆ ಬಿಟ್ಟರಷ್ಟೇ ಗೆಲ್ಲುವ ಹಾಗೆ ಬದಲಿಸಿ ಒಯ್ದಳು. ಸುನೀಲಕುಮಾರ ಹಣೆ ಹಣೆ ಬಡಿದುಕೊಂಡ. "ಹಕ್ಕಿಗಿ ಉಣಿಸಿ ಗೆಲ್ಲಾದಾ? ನನ್ನಿಂದ ಆಗಂಗಿಲ್ಲ ತಂಗಿ, ನೀನೇ ಬಿಟ್ಕೊ." ಬಿಟ್ಟಿದ್ದಾಳೆ. ಆಡುವವರು ಬೆರಳೆಣಿಕೆಯಷ್ಟು. ದಿನವಿಡೀ ಮಂದಿಯ ಗೇಮಿನ ಮಂಗಕ್ಕೆ ಬಾಲ ಬರೆಯುತ್ತ, ನಡುನಡುವೆ ಎಷ್ಟು ಮಂದಿ ಆಡಿದರೆಂದು ಫೋನು ತೆಗೆದು ನೋಡುತ್ತಲೇ ಇರುತ್ತಾಳೆ, ಜೀವ ನಿಲ್ಲುವುದಿಲ್ಲ.

ಇದನ್ನೂ ಯಾರಾದರೂ ಕದ್ದರೆ? ಕೇಳಿದ್ದೇ ತಡ, ಅವಳ ಕಣ್ಣುಗಳು ಅರಳುತ್ತವೆ.

"ಕದೀಲಿ ಬಿಡ್ರಿ! ಆದ್ರ ಬದುವಿನ ಸಾಲು ಸಮೇತ ಕದೀಬೇಕು."