ಮಾತು ಹೇಳಿಕೊಡದ ಗುರುಶಾಂತಮ್ಮ

ಬೆಳಗಿನ ಐದು ಗಂಟೆ. ಆಳಂದದ ಹೆಣ್ಣುಮಕ್ಕಳ ವಸತಿನಿಲಯವೊಂದರ ಅಡುಗೆಮನೆಯಲ್ಲಿ ಗುರುಶಾಂತಮ್ಮ ರೊಟ್ಟಿ ಬಡಿಯುತ್ತಿದ್ದಾರೆ. ಎದುರಿಗೆ ಏಳೆಂಟು ಹುಡುಗಿಯರ ನಾಟಕ ನಡೆದಿದೆ, ನೋಡಲು ಬಂದ ನಾನು ಮೂಲೆಯಲ್ಲಿ ಕೂತಿದ್ದೇನೆ. ಪುಸ್ತಕವಿಲ್ಲ, ಬಣ್ಣವಿಲ್ಲ. ಊದುಗೊಳವೆ ಹಿಡಿದವಳು ಮಾಸ್ತರ, ಬುಟ್ಟಿ ಹೊತ್ತವಳು ಸಂತೆಗೆ ಹೊರಟ ಮುದುಕಿ. ಮಾತು ಆಗಿಂದಾಗಲೇ ಹುಟ್ಟಬೇಕು. ಬಾಗಿಲ ಬಳಿ ಒಂದು ಟ್ರಂಕು ಸಿದ್ಧವಾಗಿ ಕೂತಿದೆ.

ನಲವತ್ತೆರಡು ಹುಡುಗಿಯರು, ದಿನಕ್ಕೆ ಇನ್ನೂರರ ಮೇಲೆ ರೊಟ್ಟಿ. ನೇಮಕಾತಿ ಪತ್ರದಲ್ಲಿ ಅಡುಗೆ ಎಂದಷ್ಟೇ ಇದೆ. ನಾಟಕ ಎಂದಿದ್ದರೆ ಮೇಲಿನವರು ಹೌಹಾರುತ್ತಿದ್ದರು. ಅಫಜಲಪುರದ ಗುರುಶಾಂತಮ್ಮ ಬೆಳೆದದ್ದೇ ನಾಟಕ ಕಂಪನಿಯ ಡೇರೆಯಲ್ಲಿ. ಅಕ್ಷರ ಬಲ್ಲವರೆಂದು ಪರದೆಯ ಹಿಂದೆ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟುವ ಕೆಲಸ ಸಿಕ್ಕಿತು. ೧೯೭೧ರಲ್ಲಿ ಕಂಪನಿ ಮುಚ್ಚಿತು. ಆಗಿನಿಂದ ಈ ಹದಿನೈದು ವರ್ಷ ಇಲ್ಲಿ ಒಲೆ ಊದುತ್ತಿದ್ದಾರೆ, ಆದರೆ ಹೇಳಿಕೊಡುವ ಚಟ ಬಿಟ್ಟಿರಲಿಲ್ಲ.

ಆ ಚಟವೇ ಈಚೆಗೆ ಮುಳುವಾಯಿತು. ಜೇವರ್ಗಿ ಕಡೆಯ ಇಜೇರಿಯಿಂದ ಬಂದ ಚಂದಮ್ಮನಿಗೆ ಮಾತು ತೊದಲುತ್ತದೆ. ಇದೇ ನಿಲಯದ, ಒಂಬತ್ತನೆಯ ತರಗತಿಯ ಶಿವಕಾಂತಾ ಮತ್ತವಳ ಗುಂಪು ಅಣಕಿಸಿ ಅಣಕಿಸಿ ಅವಳ ಬಾಯಿಯನ್ನೇ ಮುಚ್ಚಿಸಿತ್ತು. ಗುರುಶಾಂತಮ್ಮ ಒಂದು ಖಡಕ್ ಉತ್ತರ ಬಾಯಿಪಾಠ ಮಾಡಿಸಿ ಕಳಿಸಿದರು. ಶಾಲೆಯಲ್ಲಿ ಅದು ಅರ್ಧಕ್ಕೇ ಸಿಕ್ಕಿಕೊಂಡು, ನಗು ದುಪ್ಪಟ್ಟಾಯಿತು. ಚಂದಮ್ಮ ಶಾಲೆ ಬಿಡುತ್ತೇನೆಂದು ಟ್ರಂಕು ತುಂಬಿದಳು.

"ತಪ್ಪು ನಂದ್ರಿ. ನನ್ನ ಮಾತು ಅಕಿ ಬಾಯಾಗ ತುರುಕಿದೆ. ಎಂಟು ದಿನ ಇರವ್ವಾ, ಆಮ್ಯಾಗ ನಾನೇ ಬಸ್ ಹತ್ತಸ್ತೇನಿ ಅಂದೆ," ಎನ್ನುತ್ತಾರೆ. ಅಂದಿನಿಂದ ಈ ನಾಟಕ. ಕಾಡಿದವರು ಕಾಡಿಸಿಕೊಂಡವರ ಪಾತ್ರ ಮಾಡಬೇಕು. ಯಾರಿಗೂ ಯಾರೂ ಮಾತು ಹೇಳಿಕೊಡುವಂತಿಲ್ಲ.

ಇಂದು ಎಂಟನೆಯ ದಿನ. ಶಿವಕಾಂತಾ ಇಜೇರಿಗೆ ಹೊರಟ ತೊದಲು ಹುಡುಗಿ, ಚಂದಮ್ಮ ಕಂಡಕ್ಟರ್. "ಒಂದ್... ಒಂದ್..." ಎಂದು ಶಿವಕಾಂತಾ ಟಿಕೆಟ್ ಕೇಳಲು ಶುರು ಮಾಡುತ್ತಾಳೆ. ಉಳಿದವರು ಕಿಸಕ್ಕೆನ್ನುತ್ತಾರೆ. ಅವಳ ಮುಖ ಬಿಳಿಚುತ್ತದೆ.

ಚಂದಮ್ಮ ಬಾಯಿ ತೆರೆಯುತ್ತಾಳೆ. "ಸಾ... ಸಾ..." ಮುಂದೆ ಬರುತ್ತಿಲ್ಲ. ಗುರುಶಾಂತಮ್ಮ ಸೆರಗಿನಿಂದ ತಮ್ಮ ಬಾಯಿ ಒತ್ತಿ ಹಿಡಿದಿದ್ದಾರೆ. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿದೆ.

"ಸಾವಕಾಶ ಹೇಳವ್ವಾ," ಎನ್ನುತ್ತಾಳೆ ಚಂದಮ್ಮ. "ಗಾ... ಗಾಡಿ ನಿಂದ್ರಸೇನಿ. ನಾ ಕಾಯ್ತೇನಿ."

ಯಾರೂ ನಗುವುದಿಲ್ಲ. ಶಿವಕಾಂತಾ ಅಲ್ಲೇ ಕುಸಿದು ಕೂತು ಅಳುತ್ತಾಳೆ. ನನ್ನ ಕಣ್ಣೂ ತುಂಬುತ್ತದೆ. ಒಲೆಯ ಹೊಗೆಯ ಮೇಲೆ ಹಾಕುವುದಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಸೇರಿ ಟ್ರಂಕನ್ನು ಒಳಗೆ ಒಯ್ಯುತ್ತಾರೆ.

ಗುರುಶಾಂತಮ್ಮ ಕರಕಲು ರೊಟ್ಟಿಯನ್ನು ತಮ್ಮ ತಾಟಿಗೆ ಹಾಕಿಕೊಳ್ಳುತ್ತಾರೆ.

"ರೊಟ್ಟಿ ಹೊತ್ತಿತ್ರಿ, ಹೊತ್ತಲಿ. ಖರೇ ಇವತ್ತ ಒಂದ್ ಅಕ್ಷರನೂ ನಾ ಹೇಳಿಕೊಟ್ಟಿಲ್ಲ, ನೋಡ್ರಿ."