ಕಿಟಕಿಯ ಹುಡುಗಿಗೆ ಮೂವತ್ತೆಂಟು

ಬೆಳಗಿನ ಐದೂಕಾಲು. ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಏಳು ಹಳೆಯ ಕಂಪ್ಯೂಟರುಗಳು ಒಂದರ ಹಿಂದೊಂದು ಗುರ್ರೆಂದು ಏಳುತ್ತವೆ. ಡಬ್ಬದಂಥ ಮಾನಿಟರುಗಳು, ಬೆಚ್ಚಗಾಗಲು ಹೊತ್ತು ಬೇಕು. ಎದ್ದದ್ದೇ ತಡ, ಏಳೂ ಒಂದೇ ಮಾತು ಹೇಳುತ್ತವೆ: ಇವತ್ತು ಜನವರಿ ಒಂದು, ಇಸವಿ ಇಪ್ಪತ್ತೆರಡು ವರ್ಷ ಹಿಂದಿನದು. ನಿನ್ನೆಯೂ ಅದನ್ನೇ ಹೇಳಿದ್ದವು, ನಾಳೆಯೂ ಅದನ್ನೇ ಹೇಳಲಿವೆ. ಹೊರಗೆ ಪೇಪರಿನವನ ಸೈಕಲ್ಲು ಸದ್ದು ಮಾಡಿಕೊಂಡು ಹೋಗುವಾಗ, ಅರವತ್ತೆರಡರ ಹೆಂಗಸೊಬ್ಬರು ಸ್ಟೂಲು ಎಳೆದುಕೊಂಡು ಕೂತು, ಕೆಂಪು ಮೂಗಿನ ಬಸವನಹುಳುವೊಂದನ್ನು ಓಡಲು ಬಿಡುತ್ತಾರೆ. ಹುಳು ಎಡದಿಂದ ಬಲಕ್ಕೆ ಹೋಗಿ, ಬಿದ್ದು, ಎದ್ದು, ನಮಸ್ಕಾರ ಮಾಡುತ್ತದೆ. ಅವರು ನೋಟ್‌ಬುಕ್ಕಿನಲ್ಲಿ ‘ಬಸವನಹುಳು, ಚೆನ್ನಾಗಿದೆ’ ಎಂದು ಬರೆಯುತ್ತಾರೆ. ಆಸ್ಪತ್ರೆಯಲ್ಲಿ ರೌಂಡ್ಸಿಗೆ ಬಂದ ಡಾಕ್ಟರು ಬರೆಯುವಷ್ಟೇ ಗಂಭೀರವಾಗಿ.

ಬೀದಿಗೆಲ್ಲ ಇವರು ಗೊಂಬೆಯಕ್ಕ. ಗೊಂಬೆ ಮಾಡುವವರಲ್ಲ, ಮಾರುವವರೂ ಅಲ್ಲ. ಒಂದು ಕಾಲಕ್ಕೆ ಇಂಟರ್‌ನೆಟ್ಟಿನ ತುಂಬ ಕುಣಿದಾಡುತ್ತಿದ್ದವಲ್ಲ, ಕ್ಲಿಕ್ ಮಾಡಿದರೆ ಹಾಡುವ ಕಪ್ಪೆ, ಬಲೂನು ಒಡೆಯುವ ಆಟ, ಹಾರೈಕೆ ಹೇಳುವ ಮೇಣದಬತ್ತಿ, ಅಂಥ ಚಲಿಸುವ ಚಿತ್ರಗಳನ್ನು ಬದುಕಿಸಿಟ್ಟುಕೊಂಡಿರುವವರು. ಅವುಗಳನ್ನು ಓಡಿಸುತ್ತಿದ್ದ ಸಾಫ್ಟ್‌ವೇರನ್ನು ಮಾಡಿದವರೇ ನಿಲ್ಲಿಸಿಬಿಟ್ಟರು. ಬರೀ ನಿಲ್ಲಿಸಿದ್ದರೆ ಹೇಗೋ ಆಗುತ್ತಿತ್ತು. ಇಂಥ ತಾರೀಖು ದಾಟಿದ ಮೇಲೆ ಏನನ್ನೂ ತೋರಿಸಕೂಡದು ಎಂದು ಅದರ ಹೊಟ್ಟೆಯೊಳಗೇ ಬರೆದಿಟ್ಟು ಹೋದರು. ಆ ದಿನ ದಾಟಿತು. ಲಕ್ಷಗಟ್ಟಲೆ ಗೊಂಬೆಗಳು ಒಂದೇ ಬೆಳಗ್ಗೆ ಉಸಿರು ನಿಲ್ಲಿಸಿದವು, ಯಾರೂ ಅಳಲಿಲ್ಲ.

ಗೊಂಬೆಯಕ್ಕನ ಉಪಾಯ ಒಂದು ಬಟನ್ ಸೆಲ್ಲಿನಷ್ಟು ಸಣ್ಣದು. ಕಂಪ್ಯೂಟರಿನ ಹೊಟ್ಟೆಯಲ್ಲಿ ಗಡಿಯಾರಕ್ಕೆಂದು ಇರುವ ಆ ಸೆಲ್ಲನ್ನು ಅವರು ಕಿತ್ತು ಡಬ್ಬಿಗೆ ಹಾಕಿಟ್ಟಿದ್ದಾರೆ. ಸೆಲ್ಲಿಲ್ಲದ ಯಂತ್ರ ಸ್ವಿಚ್ ಆರಿಸಿದೊಡನೆ ದಿನ ಮರೆಯುತ್ತದೆ. ಮತ್ತೆ ಎದ್ದಾಗ ತಾನು ಹುಟ್ಟಿದ ವರ್ಷದ ಜನವರಿ ಒಂದಕ್ಕೇ ಬಂದು ನಿಲ್ಲುತ್ತದೆ. ಆ ತಾರೀಖಿನಲ್ಲಿ ಸಾಫ್ಟ್‌ವೇರಿಗೆ ಇನ್ನೂ ಸಾವು ಬಂದಿಲ್ಲ. “ಅವಕ್ಕೆ ಮರೆವಿನ ಕಾಯಿಲೆ ಬರಿಸಿದ್ದೀನಿ. ಮರೆತಿರೋವರೆಗೂ ಬದುಕಿರ್ತಾವೆ” ಎನ್ನುತ್ತಾರೆ ಅವರು, ಟೀ ಲೋಟ ಕೆಳಗಿಡುತ್ತ.

ಶಾಲೆಯೊಂದರ ಕಂಪ್ಯೂಟರ್ ಲ್ಯಾಬಿಗೆ ಇವರು ಇಪ್ಪತ್ತೈದು ವರ್ಷ ಅಟೆಂಡರ್ ಆಗಿದ್ದರು. ಕಸ ಗುಡಿಸುವುದು, ಬೀಗ ತೆಗೆಯುವುದು, ಬೀಗ ಹಾಕುವುದು. ಸೊಂಟದಲ್ಲಿ ಸದಾ ಕೀಲಿಗೊಂಚಲು ಇರುತ್ತಿದ್ದರಿಂದ ಮಕ್ಕಳ ಬಾಯಲ್ಲಿ ಆಗ ಕೀಲಿಯಕ್ಕ. ಕಂಪ್ಯೂಟರನ್ನು ಯಾರೂ ಕಲಿಸಲಿಲ್ಲ, ಮಕ್ಕಳ ಬೆನ್ನ ಹಿಂದೆ ಪೊರಕೆ ಹಿಡಿದು ನಿಂತು ಕಲಿತದ್ದು. ನಾಲ್ಕು ವರ್ಷದ ಕೆಳಗೆ ನಿವೃತ್ತಿಯ ದಿನ ಏನು ಬೇಕು ಎಂದು ಹೆಡ್‌ಮಾಸ್ಟರು ಕೇಳಿದರೆ, ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ಹನ್ನೊಂದು ಹಳೆ ಕಂಪ್ಯೂಟರ್ ಬೇಕು ಎಂದರಂತೆ. ಇಡೀ ಸ್ಟಾಫ್ ರೂಮು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ದರ್ಜಿ ಗಂಡನಂತೂ “ಊರಿಗೊಂದು ದಾರಿಯಾದ್ರೆ ಪೋಲನಿಗೊಂದು ದಾರಿ ಅಂತಾರಲ್ಲ, ಆ ಪೋಲ ನಮ್ಮನೇಲೇ ಇದ್ದಾಳೆ” ಎಂದು ಗೊಣಗುತ್ತಲೇ ಬಟ್ಟೆಯ ಥಾನುಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಹನ್ನೊಂದರಲ್ಲಿ ನಾಲ್ಕು ಕೈ ಎತ್ತಿವೆ. ಅವುಗಳ ಅಂಗಾಂಗಗಳಿಂದ ಉಳಿದ ಏಳು ಓಡುತ್ತಿವೆ.

ಈಗ ಅವರ ಬಳಿ ನಾಲ್ಕು ಸಾವಿರದ ಮುನ್ನೂರ ಹದಿನಾರು ಗೊಂಬೆಗಳಿವೆ. ದಿನಕ್ಕೆ ನಲವತ್ತನ್ನು ಓಡಿಸಿ ನೋಡಿದರೆ ಒಂದು ಸುತ್ತಿಗೆ ನೂರಾ ಎಂಟು ದಿನ ಬೇಕು. ಕೆಟ್ಟದ್ದಕ್ಕೆ ದೂರದೂರುಗಳ ಇವರಂಥ ಹುಚ್ಚರಿಂದ ಬೇರೆ ಪ್ರತಿ ತರಿಸುತ್ತಾರೆ, ಅವರು ಕೇಳಿದ್ದನ್ನು ಇವರು ಕಳಿಸುತ್ತಾರೆ. ಹುಡುಕಿಕೊಂಡು ಬರುವವರೂ ಇದ್ದಾರೆ. ಹೋದ ತಿಂಗಳು ಲಾರಿ ಡ್ರೈವರೊಬ್ಬರು ಬಂದು, “ನೀಲಿ ಮೀನಿನ ಆಟ, ಹೆಸರು ಗೊತ್ತಿಲ್ಲ, ಸೋತ್ರೆ ಅದು ‘ಮತ್ತೆ?’ ಅಂತ ಕೇಳುತ್ತೆ” ಎಂದರು. ತೀರಿಹೋದ ಹೆಂಡತಿಯೊಂದಿಗೆ, ಮದುವೆಗೆ ಮುಂಚೆ, ಬ್ರೌಸಿಂಗ್ ಸೆಂಟರಿನಲ್ಲಿ ಕದ್ದುಮುಚ್ಚಿ ಆಡಿದ್ದಂತೆ. ಗೊಂಬೆಯಕ್ಕ ಮೂರು ದಿನ ಜಾಲಾಡಿ ಮೀನನ್ನು ಹಿಡಿದರು. ಡ್ರೈವರು ಒಂದು ಗಂಟೆ ಆಡಿ, ಕಣ್ಣೊರೆಸಿಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋದರು. ಸ್ಕೋರು ಮಾತ್ರ ತೀರಾ ಕಳಪೆ.

ಈ ಕೋಣೆಯಲ್ಲಿ ಒಬ್ಬರೇ ಕೂರಲು ಗುಂಡಿಗೆ ಬೇಕು. ಎಂದೋ ಮುಚ್ಚಿಹೋದ ಅಂಗಡಿಯ ಕರಡಿ ‘ಇವತ್ತೇ ಬನ್ನಿ’ ಎಂದು ಕೈಬೀಸುತ್ತದೆ. ‘ಮತ್ತೆ?’ ಎಂದು ಕೇಳಿದ ಮೀನು ಉತ್ತರ ಬರುವತನಕ ಕಾಯುತ್ತದೆ, ಎಷ್ಟು ಹೊತ್ತಾದರೂ ಸರಿ, ಬಾಯಿ ತೆರೆದುಕೊಂಡೇ. ಆದರೆ ಯಾವ ಗೊಂಬೆಯನ್ನೂ ಗೊಂಬೆಯಕ್ಕ ನಡುವೆ ನಿಲ್ಲಿಸುವುದಿಲ್ಲ. ಮನೆಗೆ ನೆಂಟರು ಬರಲಿ, ಹಾಲು ಉಕ್ಕಲಿ, ಆಟ ಮುಗಿಯಬೇಕು. ಯಾಕೆ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಾರೆ.

ಏಳನೆಯ ಯಂತ್ರದ ಮೇಲೆ ದರ್ಜಿ ಒಂದು ಹೂವಿನ ಬಟ್ಟೆ ಹೊದಿಸಿದ್ದಾರೆ. ಅದರಲ್ಲಿರುವುದು ಕಿಟಕಿಯ ಹುಡುಗಿ.

ಒಂದು ಕಿಟಕಿ, ಹಸಿರು ಪರದೆ, ಒಳಗೆ ಮೇಜಿನ ಮುಂದೆ ಎರಡು ಜಡೆಯ ಹುಡುಗಿ. ಏನೋ ಬರೆಯುತ್ತಾಳೆ. ಮೌಸ್ ಬಾಣ ಎತ್ತ ಹೋದರೆ ಅವಳ ಕಣ್ಣು ಅತ್ತ ಹೋಗುತ್ತದೆ. ಆ ಯಂತ್ರದ ಮೌಸು ಹಳೆಯದು, ಯಾರೂ ಮುಟ್ಟದಿದ್ದರೂ ಬಾಣ ಮೆಲ್ಲಗೆ ಜಾರುತ್ತದೆ. ಹಾಗಾಗಿ ಹುಡುಗಿ ಆಗಾಗ ತಾನಾಗಿಯೇ ಬಾಗಿಲ ಕಡೆ ನೋಡುತ್ತಾಳೆ. ನಾಲ್ಕು ನಿಮಿಷದ ಕೊನೆಗೆ ಗಲಗಲ ಎಂದೊಂದು ಸದ್ದು, ಪರದೆ ಮುಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ. ಮೊದಲ ಸುತ್ತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ: ‘ಕಿಟಕಿ, ಚೆನ್ನಾಗಿದೆ. ಕೊನೆಗೆ ಗೆಜ್ಜೆ ಸದ್ದು, ಯಾಕೋ ತಿಳಿಯದು.’

ಇದನ್ನು ಮಾಡಿದವಳು ಅದೇ ಶಾಲೆಯ ಹುಡುಗಿ, ತನ್ನನ್ನೇ ಬರೆದುಕೊಂಡಿದ್ದಳು. ಹದಿನಾರು ವರ್ಷ. ಆ ವರ್ಷದ ರಜೆ ಶುರುವಾಗಿ ಮೂರನೇ ದಿನ ಮಿದುಳು ಜ್ವರ ಬಂತು, ಆರನೇ ದಿನ ಇಲ್ಲ. ಅಮ್ಮ ನರ್ಸು. ಎಷ್ಟೋ ಜನರ ಮಕ್ಕಳಿಗೆ ಡ್ರಿಪ್ ಹಾಕಿದ ಕೈ ತನ್ನ ಮಗಳಿಗೂ ಹಾಕಿತ್ತು. ಹಳೆ ಡಿಸ್ಕಿನಲ್ಲಿ ಗೊಂಬೆ ಸಿಕ್ಕಾಗ ಗೊಂಬೆಯಕ್ಕ ಅವರ ಮನೆ ಹುಡುಕಿಕೊಂಡು ಹೋಗಿ ಹೇಳಿಬಂದರು. ಅಂದಿನಿಂದ ನರ್ಸಮ್ಮ ಪ್ರತಿ ಗುರುವಾರ ಬೆಳಗ್ಗೆ ಆರಕ್ಕೆ ಬಂದು ಏಳನೆಯ ಯಂತ್ರದ ಮುಂದೆ ಅರ್ಧ ಗಂಟೆ ಕೂರುತ್ತಾರೆ. ಸ್ವೆಟರು ಹೆಣೆಯುತ್ತಾರೆ.

ಹೋದ ವರ್ಷ ಗೊಂಬೆಯಕ್ಕನಿಗೆ ಜ್ವರ. ಬೆಳಗಿನ ಪಾಳಿ ದರ್ಜಿಯ ತಲೆಗೆ ಬಿತ್ತು. ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದ್ದರೂ ಅನ್ನ ಇಳಿಯದ ಮನುಷ್ಯ ಅವರು. ಕಿಟಕಿಯ ಹುಡುಗಿ ಓಡುತ್ತಿದ್ದಾಗ ಸ್ಕ್ರೀನಿನ ಮೂಲೆಯ ತಾರೀಖು ಕಣ್ಣಿಗೆ ಬಿತ್ತು. ಹೆಂಡತಿಗೆ ಉಪಕಾರ ಮಾಡೋಣವೆಂದು ಅದನ್ನು ಇವತ್ತಿನದಕ್ಕೆ ಸರಿಮಾಡಿದರು. ಗಲಗಲ ಸದ್ದಾಯಿತು. ಪರದೆ ಮುಚ್ಚಿತು, ತೆರೆಯಿತು.

“ಎರಡು ಜಡೆ ಇರ್ಲಿಲ್ಲ ಸ್ವಾಮಿ” ಎನ್ನುತ್ತಾರೆ ದರ್ಜಿ, ಇವತ್ತಿಗೂ ದನಿ ತಗ್ಗಿಸಿ. “ಅದೇ ಕುರ್ಚೀಲಿ ಯಾರೋ ಹೆಂಗಸು ಕೂತಿದ್ಲು. ಮೂವತ್ತೇಳು ಮೂವತ್ತೆಂಟು ಇರಬೇಕು. ಥೇಟ್ ನಮ್ಮ ನರ್ಸಮ್ಮ ವಯಸ್ಸಲ್ಲಿದ್ದಾಗ ಹೇಗಿದ್ದಿರ್ಬೇಕೋ ಹಾಗೆ. ನನ್ನ ಕಡೆ ನೋಡಿದ್ಲು. ಪ್ಲಗ್ ಕಿತ್ತು ಬಿಸಾಕಿ ಓಡಿದೆ ನೋಡಿ.”

ಕಂಬಳಿ ಹೊದ್ದುಕೊಂಡೇ ಎದ್ದುಬಂದ ಗೊಂಬೆಯಕ್ಕ ಮತ್ತೆ ಸ್ವಿಚ್ ಹಾಕಿದರೆ ಜನವರಿ ಒಂದು, ಎರಡು ಜಡೆ. ತಾರೀಖು ಸರಿಮಾಡಿ ಗೊಂಬೆ ತೆರೆದರೆ ಸಾಫ್ಟ್‌ವೇರು ಜಪ್ಪಯ್ಯ ಎಂದರೂ ಏಳಲಿಲ್ಲ. ಗಂಡನಿಗೇ ಜ್ವರ ತಲೆಗೇರಿದೆ ಎಂದುಕೊಂಡರು. ಗುಟ್ಟು ಹೊಳೆಯಲು ಎಂಟು ದಿನ ಬೇಕಾಯಿತು. “ಅದು ಬಾಗಿಲಲ್ಲಿ ಮಾತ್ರ ತಾರೀಖು ಕೇಳೋದು. ಒಳಗೆ ಬಿಟ್ಟಮೇಲೆ ಕೇಳಲ್ಲ. ಹಳೇ ತಾರೀಖಲ್ಲಿ ಒಳಗೆ ಹೋಗಿ, ಆಮೇಲೆ ತಾರೀಖು ಬದಲಾಯಿಸ್ಬೇಕು.” ಹುಡುಗಿ ತನ್ನ ಗೊಂಬೆಗೆ ವಯಸ್ಸಾಗುವಂತೆ ಬರೆದಿಟ್ಟಿದ್ದಳು. ಕಂಪ್ಯೂಟರಿನ ಕ್ಯಾಲೆಂಡರು ನೋಡಿಕೊಂಡು ಅವಳು ವರ್ಷಕ್ಕೊಂದು ವರ್ಷ ಬೆಳೆಯುತ್ತಾಳೆ. ದೊಡ್ಡವಳಾದರೆ ಹೇಗಿರುತ್ತೇನೆ ಎಂಬುದಕ್ಕೆ ಅಮ್ಮನ ಮುಖವನ್ನೇ ನೋಡಿ ಬರೆದಿರಬೇಕು. ಬದುಕಿಸುತ್ತೇನೆಂದು ಹೊರಟ ಗೊಂಬೆಯಕ್ಕ ಅವಳನ್ನು ಎರಡು ವರ್ಷ ಬೆಳೆಯಗೊಡದೆ ಕೂರಿಸಿಟ್ಟಿದ್ದರು.

ನರ್ಸಮ್ಮನಿಗೆ ಹೇಳಬೇಕೋ ಬೇಡವೋ ಎಂದು ಗಂಡ ಹೆಂಡಿರು ಎರಡು ವಾರ ಒದ್ದಾಡಿ ಕೊನೆಗೆ ಹೇಳಿದರು. ನರ್ಸಮ್ಮ ಅಳಲಿಲ್ಲ. “ಒಂದೊಂದೇ ವರ್ಷ ತೋರಿಸು” ಎಂದರು. ಗುರುವಾರಕ್ಕೊಂದು ವರ್ಷದಂತೆ ಇಪ್ಪತ್ತೊಂದು ಗುರುವಾರ ಮಗಳು ಬೆಳೆದಳು. ಇಪ್ಪತ್ತೆರಡಕ್ಕೆ ಜಡೆ ಕತ್ತರಿಸಿಕೊಂಡಳು, ಅದಕ್ಕೆ ನರ್ಸಮ್ಮ ಸ್ಕ್ರೀನಿಗೇ ಬೈದರು. ಮೂವತ್ತಕ್ಕೆ ಕೊಂಚ ಮೈ ತುಂಬಿಕೊಂಡಳು, ಅದಕ್ಕೆ ಖುಷಿಪಟ್ಟರು. ಮೂವತ್ತೇಳಕ್ಕೆ ಬಂದಾಗ ಕೈ ಅಡ್ಡ ಹಿಡಿದರು: “ಸಾಕು. ಇನ್ಮೇಲೆ ವರ್ಷಕ್ಕೆ ಒಂದೇ ಸಲ, ಅವಳ ಹುಟ್ಟಿದ ದಿನ. ಮುಂದಕ್ಕೆ ಹೋಗಿ ಇಣುಕೋದು ಬೇಡ.”

ಇಣುಕುವುದಕ್ಕೆ ಗೊಂಬೆಯಕ್ಕನಿಗೂ ಧೈರ್ಯವಿಲ್ಲ. ದೂರದ ಗೆಳೆಯನೊಬ್ಬ ಗೊಂಬೆಯನ್ನು ಬಿಚ್ಚಿ, ಒಳಗೆ ಎಷ್ಟು ವರ್ಷದ ಚಿತ್ರಗಳಿವೆ ಎಂದು ಎಣಿಸಿಕೊಡುತ್ತೇನೆ ಅಂದ. ಬೇಡವೆಂದರು. ಯಾವುದೋ ಒಂದು ವರ್ಷ ಪರದೆ ಸರಿದಾಗ ಕುರ್ಚಿ ಖಾಲಿ ಇರುತ್ತದೆ, ಅದು ಅವರಿಗೆ ಗೊತ್ತು. ಯಾಕೆ ಖಾಲಿ ಎಂಬುದೂ ಅವರಿಗೆ ಗೊತ್ತು, ನರ್ಸಮ್ಮನಿಗೆ ಗೊತ್ತಿಲ್ಲ ಎಂದೇ ಅವರು ನಂಬಿದ್ದರು.

ಇವತ್ತು ಅವಳ ಹುಟ್ಟಿದ ದಿನ. ಆರಕ್ಕೆ ನರ್ಸಮ್ಮ ಬರುತ್ತಾರೆ, ಎಪ್ಪತ್ತೊಂದು ವರ್ಷ, ದಪ್ಪ ಗಾಜಿನ ಕನ್ನಡಕ. ಹೂವಿನ ಬಟ್ಟೆ ಸರಿಯುತ್ತದೆ. ಎರಡು ಜಡೆಯ ಹುಡುಗಿ ಬರೆಯುತ್ತಿದ್ದಾಳೆ. ಗೊಂಬೆಯಕ್ಕ ಇವತ್ತಿನ ತಾರೀಖು ಒತ್ತುತ್ತಾರೆ, ಆದರೆ ‘ಸರಿ’ ಎಂಬಲ್ಲಿ ಬೆರಳು ನಿಲ್ಲುತ್ತದೆ. ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಈಗ ಬಾಯಿಗೆ ಬರುತ್ತದೆ.

“ನರ್ಸಮ್ಮ, ರಜೆಗೆ ಮುಂಚಿನ ಕೊನೇ ದಿನ ಅವಳು ಲ್ಯಾಬಲ್ಲೇ ಕೂತಿದ್ಲು. ‘ಅಕ್ಕಾ, ಇನ್ನೈದು ನಿಮಿಷ, ಸ್ವಲ್ಪ ಬಾಕಿ ಇದೆ’ ಅಂದ್ಲು. ನಂಗೆ ಬಸ್ಸಿನ ಅವಸರ. ಕೀಲಿ ಅಲ್ಲಾಡಿಸ್ಕೊಂಡು ‘ಎದ್ದೇಳು, ರಜೆ ಮುಗಿಸ್ಕೊಂಡು ಬಂದು ಮಾಡು’ ಅಂತ ಎಬ್ಬಿಸಿ ಕಳಿಸ್ಬಿಟ್ಟೆ. ಮುಂದೆ ಈ ಕುರ್ಚಿ ಖಾಲಿ ಕಂಡ್ರೆ ಅದು ನನ್ನಿಂದ.”

ದರ್ಜಿ ಬಾಗಿಲಲ್ಲೇ ನಿಂತಿದ್ದಾರೆ. ನರ್ಸಮ್ಮ ಹೆಣಿಗೆಯ ಸೂಜಿ ಕೆಳಗಿಡುತ್ತಾರೆ.

“ಗೊತ್ತು ಕಣಮ್ಮ. ಅವತ್ತು ಮನೆಗೆ ಬಂದು ಬ್ಯಾಗ್ ಎಸೆದು ನಿನ್ನ ಬಾಯ್ತುಂಬ ಬೈದ್ಲು. ಆಮೇಲೆ ನಕ್ಕು, ‘ಕೀಲಿಯಕ್ಕನ್ನ ಸುಮ್ನೆ ಬಿಟ್ಟಿಲ್ಲಮ್ಮ, ಒಳಗೆ ಹಾಕ್ಕೊಂಡಿದ್ದೀನಿ’ ಅಂದ್ಲು. ಆವಾಗ ಏನೂ ಅರ್ಥ ಆಗ್ಲಿಲ್ಲ. ಇಲ್ಲಿ ಬಂದು ಕೂತ ಮೊದಲ್ನೇ ದಿನಾನೇ ಆಯ್ತು. ಅದು ಗೆಜ್ಜೆ ಅಲ್ಲ. ನಿನ್ನ ಕೀಲಿಗೊಂಚಲು.”

ಆ ಹೊತ್ತಿಗೇ ನಾಲ್ಕು ನಿಮಿಷ ತುಂಬುತ್ತದೆ. ಗಲಗಲ. ಗೊಂಬೆಯಕ್ಕನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ, ಅಲ್ಲಿ ನಾಲ್ಕು ವರ್ಷದಿಂದ ಏನೂ ಇಲ್ಲ. ಲ್ಯಾಬಿನ ಮೈಕು ಹಿಡಿದು ಹುಡುಗಿ ಎಂದು ಕದ್ದು ರೆಕಾರ್ಡ್ ಮಾಡಿಕೊಂಡಳೋ. ಇಷ್ಟು ವರ್ಷವೂ ಪ್ರತಿ ಸುತ್ತಿನ ಕೊನೆಗೆ ಆ ಕಿಟಕಿಯನ್ನು ಮುಚ್ಚುತ್ತ ಬಂದವರು ಅವರೇ.

“ಮೂರು ವರ್ಷದಿಂದ ಒಂದು ಮಾತು ಹೇಳ್ಲಿಲ್ವಲ್ಲ ನೀವು” ಎನ್ನುತ್ತಾರೆ ಗೊಂಬೆಯಕ್ಕ.

“ನೀನೇ ಹೇಳ್ತೀಯ ಅಂತ ಕಾದೆ. ಖಾಲಿ ಇದ್ರೆ ಇರ್ಲಿ, ಒಳಗೆಲ್ಲೋ ಕೆಲಸದಲ್ಲಿರ್ತಾಳೆ ಅಂದ್ಕೊಳ್ಳೋಣ. ಒತ್ತು ಈಗ.”

ಗೊಂಬೆಯಕ್ಕ ಒತ್ತುತ್ತಾರೆ. ಇನ್ನೊಂದು ಸುತ್ತಿನ ನಾಲ್ಕು ನಿಮಿಷ ಕಳೆಯುತ್ತದೆ. ಕೀಲಿ ಸದ್ದಾಗುತ್ತದೆ, ಹಸಿರು ಪರದೆ ಮುಚ್ಚುತ್ತದೆ. ತೆರೆಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತೆಂದು ದರ್ಜಿ ಆಮೇಲೆ ಆಣೆ ಮಾಡಿ ಹೇಳುತ್ತಾರೆ.

ಪರದೆ ಸರಿಯುತ್ತದೆ. ಕುರ್ಚಿಯಲ್ಲಿ ಅವಳಿದ್ದಾಳೆ. ಕಿವಿಯ ಮೇಲೆ ಒಂದೆಳೆ ಬಿಳಿ ಕೂದಲು. ಮೂಗಿನ ಮೇಲೆ, ಹೋದ ವರ್ಷ ಇರದಿದ್ದ ಕನ್ನಡಕ.

ನರ್ಸಮ್ಮ ತಮ್ಮ ಕನ್ನಡಕ ಮುಟ್ಟಿಕೊಳ್ಳುತ್ತಾರೆ. “ನಂಗೂ ಮೂವತ್ತೆಂಟಕ್ಕೇ ಬಂದಿದ್ದು. ಅವಳಿಗಾಗ ಐದು ವರ್ಷ. ನೆನಪಿಟ್ಕೊಂಡಿದ್ದಾಳೆ ನೋಡು ಕಳ್ಳಿ.” ಬಾಣ ಮೆಲ್ಲಗೆ ಜಾರುತ್ತದೆ. ಕಿಟಕಿಯ ಹೆಂಗಸು ಬರೆಯುವುದು ನಿಲ್ಲಿಸದೆ ಕಣ್ಣೆತ್ತಿ, ಮೊದಲು ಅಮ್ಮನನ್ನು, ಆಮೇಲೆ ಗೊಂಬೆಯಕ್ಕನನ್ನು ನೋಡುತ್ತಾಳೆ.

ಮುಂದೆ ಏನಾಗಬೇಕು ಎಂಬ ಮಾತಿಗೆ ಗೊಂಬೆಯಕ್ಕನ ಉತ್ತರ ಚಿಕ್ಕದು. “ಪ್ರಶಸ್ತಿ ಗಿಶಸ್ತಿ ಏನೂ ಬೇಡಪ್ಪ. ಅವಳು ಎಲ್ಲೀವರೆಗೆ ಬರೆದಿದ್ದಾಳೋ ಅಲ್ಲೀವರೆಗೆ ಬೆಳಗ್ಗೆ ಎದ್ದು ಸ್ವಿಚ್ ಹಾಕೋ ಶಕ್ತಿ ಇದ್ರೆ ಸಾಕು. ನಾನಿಲ್ದಿದ್ರೆ ಇನ್ಯಾರಾದ್ರೂ ಹಾಕ್ಲಿ.”

ಎಂಟೂವರೆಗೆ ದರ್ಜಿ ಕತ್ತರಿ ಹಿಡಿದು ಇಣುಕುತ್ತಾರೆ. ಗಿರಾಕಿಗಳು ಬರುವ ಹೊತ್ತು, ಈ ಕೋಣೆ ಈಗ ಬಟ್ಟೆ ಕತ್ತರಿಸಲು ಬೇಕು. “ಏ ಇವಳೇ, ಆಯ್ತಾ? ಆರಿಸು ಇನ್ನು.”

ಗೊಂಬೆಯಕ್ಕ ತಿರುಗಿ ನೋಡುವುದಿಲ್ಲ.

“ಇನ್ನೈದು ನಿಮಿಷ ಇರ್ಲಿ ಬಿಡ್ರೀ. ಅವಳು ಬರೀತಿದ್ದಾಳೆ.”